ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳಿಗೆ ಯಾವ ತರಬೇತಿ ಬೇಕು? ಅಗತ್ಯ ಗುರುತಿಸುವ ಸಮಗ್ರ ಮಾರ್ಗದರ್ಶಿ

"ಮುಂದಿನ ವಾರದ ತರಬೇತಿಗೆ ಇಬ್ಬರನ್ನು ನಿಯೋಜಿಸಿ, ಹೆಸರುಗಳನ್ನು ಇಂದು ಸಂಜೆಯೊಳಗೆ ಕಳುಹಿಸಿ." ಇಂಥ ಪತ್ರ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೊಸದಲ್ಲ. ಸಂಜೆಯೊಳಗೆ ಹೋಗುವ ಹೆಸರು ಯಾರದು? ಆ ವಾರ ರಾತ್ರಿ ಪಾಳಿ ಇಲ್ಲದವರದು, ಮನೆಯಲ್ಲಿ ಎಳೆಯ ಮಕ್ಕಳಿಲ್ಲದವರದು, ಇಲ್ಲವೇ ಕಳೆದ ಸಲವೂ ಹೋಗಿ ಬಂದವರದು. ಒಬ್ಬರ ಕಡತದಲ್ಲಿ ಪ್ರಮಾಣಪತ್ರಗಳ ಕಂತೆ ಬೆಳೆಯುತ್ತದೆ, ಪಕ್ಕದವರ ಕಡತ ಖಾಲಿ ಉಳಿಯುತ್ತದೆ. ಯಾರಿಗೆ ಏನು ಬೇಕಿತ್ತು ಎಂದು ಯಾರೂ ಕೇಳಿರುವುದಿಲ್ಲ.

ಕೇಂದ್ರದ ವೈದ್ಯಾಧಿಕಾರಿ, ಹಿರಿಯ ಶುಶ್ರೂಷಾಧಿಕಾರಿ ಅಥವಾ ತಾಲ್ಲೂಕು ಮಟ್ಟದ ಮಾರ್ಗದರ್ಶಕರು ಆ ಪ್ರಶ್ನೆಯನ್ನು ಕ್ರಮವಾಗಿ ಕೇಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ದಿನನಿತ್ಯದ ಕೆಲಸದ ನಡುವೆಯೇ ಒಂದು ಕೇಂದ್ರದಲ್ಲಿ ಇದನ್ನು ಸುಮಾರು ಒಂದು ತಿಂಗಳಲ್ಲಿ ಮುಗಿಸಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ತರಬೇತಿ ಬೇಕು ಎಂದು ನಾವು ಬರೆಯುವ ಎಷ್ಟೋ ಸಾಲುಗಳು ನಿಜದಲ್ಲಿ ಒಂದು ಕೀಲಿಕೈ ಬೇಕು, ಬಿಪಿ ಅಳೆಯಲು ತೋಳಿಗೆ ಸುತ್ತುವ ಒಂದು ದೊಡ್ಡ ಕಫ್ ಬೇಕು, ರಾತ್ರಿಗೆ ಇನ್ನೊಬ್ಬರು ಬೇಕು ಎಂಬ ಸಾಲುಗಳು. ಇವೆರಡನ್ನು ಬೇರೆ ಮಾಡುವುದೇ ಈ ಕೆಲಸದ ತಿರುಳು.

ಹಂತ 1: ಕಾಗದದ ಕೆಲಸವಲ್ಲ, ಕೈಯ ಕೆಲಸ ಪಟ್ಟಿ ಮಾಡಿ

ಹುದ್ದೆಯ ಹೆಸರಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ, ಎಎನ್‌ಎಂ (ಹಳ್ಳಿಗಳಲ್ಲಿ ತಾಯಿ ಮಗುವಿನ ಆರೈಕೆ ನೋಡುವ ಸಹಾಯಕ ನರ್ಸ್) ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. 2018ರ ನಂತರ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳೂ ಬಂದಿದ್ದಾರೆ. ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಆದರೆ ಆ ಜನರಲ್ಲಿ ಯಾರು ಯಾವ ಕಾಯಿಲೆ ಹೊತ್ತು ಬರುತ್ತಾರೆ ಎಂಬುದು ಊರಿನಿಂದ ಊರಿಗೆ ಬೇರೆ. ಬೆಂಗಳೂರಿನ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ಹೆರಿಗೆ ಇಲ್ಲ, ಬಿಪಿ ಮತ್ತು ಸಕ್ಕರೆ ಕಾಯಿಲೆಯವರ ಸಾಲು ಮಾತ್ರ ಕರಗುವುದಿಲ್ಲ. ಸೊರಬ, ಸಾಗರ, ತೀರ್ಥಹಳ್ಳಿಯ ಕಾಡಂಚಿನ ಕೇಂದ್ರದಲ್ಲಿ ಚಳಿಗಾಲ ಬಂತೆಂದರೆ ಪ್ರತಿ ಜ್ವರದ ರೋಗಿಗೂ ಮಂಗನ ಕಾಯಿಲೆಯ ಪ್ರಶ್ನೆಗಳನ್ನು ಕೇಳಲೇಬೇಕು. 1957ರಲ್ಲಿ ಆ ಕಾಯಿಲೆ ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ ಮೇಲೆ, ಹೊಲಗದ್ದೆ ಇರುವ ಕಡೆಯ ಪ್ರತಿ ಕೇಂದ್ರಕ್ಕೂ ವರದಿಯ ಹೊಣೆ ಸೇರಿದೆ.

ಹೀಗಾಗಿ ಪ್ರತಿ ನರ್ಸ್‌ಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟು, ಒಂದು ವಾರ ಪಾಳಿಯ ಕೊನೆಯಲ್ಲಿ ಐದು ನಿಮಿಷ ಬರೆಯಲು ಹೇಳಿ: ಇಂದು ಏನೇನು ಮಾಡಿದೆ, ಯಾವುದರಲ್ಲಿ ಕೈ ತಡೆಯಿತು, ಯಾವುದನ್ನು ಬೇರೆಯವರಿಗೆ ಒಪ್ಪಿಸಿದೆ. ಮೂರನೆಯದು ಬಹಳ ಮುಖ್ಯ. ಪ್ರತಿ ಸಲವೂ ಒಂದೇ ಕೆಲಸವನ್ನು ಸಹೋದ್ಯೋಗಿಗೆ ದಾಟಿಸುವವರು ಆ ಕೆಲಸದ ಬಗ್ಗೆ ಬಾಯಿಬಿಟ್ಟು ಹೇಳದ ಸಂಗತಿಯೊಂದು ಇದ್ದೀತು. ವಾರದ ಕೊನೆಗೆ ಎಲ್ಲ ನೋಟ್‌ಬುಕ್‌ಗಳಿಂದ ಇಪ್ಪತ್ತೈದು ಮೂವತ್ತು ಕೆಲಸಗಳ ಪಟ್ಟಿ ಸಿಗುತ್ತದೆ. ಆ ವಾರ ಬಾರದಿದ್ದರೂ ಬಂದರೆ ಜೀವಕ್ಕೆ ಕುತ್ತು ತರುವ ಸಂದರ್ಭಗಳನ್ನು ಅದಕ್ಕೆ ನೀವೇ ಸೇರಿಸಿ: ಗರ್ಭಿಣಿಗೆ ಬರುವ ಫಿಟ್ಸ್, ಹೆರಿಗೆಯ ನಂತರದ ಅತಿ ರಕ್ತಸ್ರಾವ, ಅಳದ ಶಿಶು, ಲಸಿಕೆಯ ನಂತರದ ತೀವ್ರ ಅಲರ್ಜಿ, ಹಾವು ಕಡಿತ.

ಹಂತ 2: ಕೇಂದ್ರದಲ್ಲೇ ಇರುವ ದಾಖಲೆ ಓದಿ

ಹೊಸ ಸಮೀಕ್ಷೆಗೆ ಮುನ್ನ ಹಳೆಯ ರಿಜಿಸ್ಟರ್ ತೆಗೆಯಿರಿ. ಹೆರಿಗೆ ರಿಜಿಸ್ಟರ್, ರೆಫರಲ್ ಪುಸ್ತಕ, ಎನ್‌ಸಿಡಿ (ಬಿಪಿ, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗ) ದಾಖಲೆ, ಲಸಿಕೆ ಇಡುವ ಐಎಲ್‌ಆರ್ ಫ್ರಿಜ್‌ನ ತಾಪಮಾನದ ಪಟ್ಟಿ, ಔಷಧ ದಾಸ್ತಾನು. ಎಲ್ಲವನ್ನೂ ಓದಬೇಕಿಲ್ಲ, ಕಳೆದ ಮೂರು ತಿಂಗಳದ್ದು ಸಾಕು.

ಬಿಪಿ ದಾಖಲೆಯನ್ನೇ ನೋಡಿ. ಐವತ್ತು ರೋಗಿಗಳ ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದರ ಕೊನೆಯ ಅಂಕವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಿಜಿಟಲ್ ಯಂತ್ರದಲ್ಲಿ ಅಳೆದಿದ್ದರೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಗಳು ಹೆಚ್ಚುಕಡಿಮೆ ಸಮನಾಗಿ ಬರಬೇಕು, ಅಂದರೆ ಸೊನ್ನೆ ಐದಾರು ಸಲ. ಎರಡೆರಡು ಗೆರೆಯ ಹಳೆಯ ಮೀಟರ್ ಆಗಿದ್ದರೆ ಸಮಸಂಖ್ಯೆಗಳೇ ಬರುತ್ತವೆ, ಸೊನ್ನೆ ಹತ್ತರ ಸುಮಾರು ಇರಬೇಕು. ನಿಮ್ಮ ಚೀಟಿಯಲ್ಲಿ 120, 130, 110, 130, 140 ಎಂದು ಸೊನ್ನೆಗಳೇ ಸಾಲುಗಟ್ಟಿದ್ದರೆ ಯಾರೋ ಅಂದಾಜಿನಲ್ಲಿ ಬರೆಯುತ್ತಿದ್ದಾರೆ, ಇಲ್ಲವೇ ಅಳೆಯುತ್ತಲೇ ಇಲ್ಲ. 138 ಇರುವವರನ್ನು 140 ಎಂದು ಬರೆದರೆ ಆರೋಗ್ಯವಂತರು ಮಾತ್ರೆಗೆ ಬೀಳುತ್ತಾರೆ, 144 ಇರುವವರನ್ನು 130 ಎಂದರೆ ರೋಗಿ ಮನೆಗೆ ಹೋಗುತ್ತಾರೆ. ಹತ್ತು ನಿಮಿಷದ ಈ ಲೆಕ್ಕದಷ್ಟು ಅಗ್ಗದ ತಪಾಸಣೆಯನ್ನು ನಾನು ಬೇರೆ ಕಂಡಿಲ್ಲ.

ಪಾರ್ಟೋಗ್ರಾಫ್‌ಗಳನ್ನು, ಅಂದರೆ ಹೆರಿಗೆ ನೋವಿನ ಪ್ರಗತಿ ಗುರುತಿಸುವ ನಕ್ಷೆಗಳನ್ನು, ಬೆಳಕಿಗೆ ಹಿಡಿದು ನೋಡಿ. ಆರು ಗಂಟೆಯ ಹೆರಿಗೆ ನೋವಿನ ದಾಖಲೆ ಒಂದೇ ಶಾಯಿಯಲ್ಲಿ, ಒಂದೇ ಓಘದಲ್ಲಿ, ಒಂದು ಚುಕ್ಕಿಯೂ ಎಚ್ಚರಿಕೆಯ ಗೆರೆ ಮುಟ್ಟದಂತೆ ಅಂದವಾಗಿ ಇದ್ದರೆ ಅದು ಹೆರಿಗೆಯಾದ ಮೇಲೆ ಬರೆದದ್ದು. ರೆಫರಲ್ ಪುಸ್ತಕದಲ್ಲಿ ಕಾರಣದ ಅಂಕಣ ನೋಡಿ. "ಹೆಚ್ಚಿನ ಚಿಕಿತ್ಸೆಗಾಗಿ" ಎಂದಷ್ಟೇ ಇದೆಯೋ, ಕಳುಹಿಸುವ ಮುನ್ನ ಕೊಟ್ಟ ಮೊದಲ ಡೋಸಿನ ಹೆಸರು, ಹೊತ್ತು ಇವೆಯೋ? ಐಎಲ್‌ಆರ್ ಪಟ್ಟಿಯಲ್ಲಿ ತಿಂಗಳಿಡೀ ಬೆಳಿಗ್ಗೆ 4, ಸಂಜೆ 4 ಎಂದೇ ಇದ್ದರೆ ಅದು ಥರ್ಮಾಮೀಟರ್ ನೋಡದೆ ಬರೆದದ್ದು ಎಂದುಕೊಳ್ಳಿ.

ಈ ಹಂತದಲ್ಲಿ ಯಾರನ್ನೂ ಕರೆದು ಗದರಿಸಬೇಡಿ. ಗದರಿಸಿದರೆ ಮುಂದಿನ ತಿಂಗಳಿನಿಂದ ದಾಖಲೆ ಇನ್ನಷ್ಟು ಚೆಂದವಾಗುತ್ತದೆ, ಕೆಲಸ ಹಾಗೆಯೇ ಉಳಿಯುತ್ತದೆ.

ಹಂತ 3: ನರ್ಸ್‌ಗಳನ್ನೇ ಕೇಳಿ, ಆದರೆ ಎರಡು ಸಲ ಕೇಳಿ

"ನಿಮಗೆ ಯಾವ ತರಬೇತಿ ಬೇಕು?" ಎಂದು ನೇರವಾಗಿ ಕೇಳಿದರೆ ಇತ್ತೀಚೆಗೆ ಕಿವಿಗೆ ಬಿದ್ದ ತರಬೇತಿಯ ಹೆಸರು ಬರುತ್ತದೆ. ಇದಕ್ಕೆ ಒಳ್ಳೆಯ ಸಾಧನ ಆಗಲೇ ಇದೆ. ಬ್ರಿಟನ್ನಿನ ಪ್ರಾಥಮಿಕ ಆರೈಕೆಯ ನರ್ಸ್‌ಗಳಿಗಾಗಿ ಹೆನೆಸ್ಸಿ ಮತ್ತು ಹಿಕ್ಸ್ ರೂಪಿಸಿದ ತರಬೇತಿ ಅಗತ್ಯದ ಪ್ರಶ್ನಾವಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬಳಕೆಗೆ ತಂದಿದೆ. ಅದರಲ್ಲಿ ಮೂವತ್ತು ಕೆಲಸಗಳಿವೆ: ಚಿಕಿತ್ಸೆ, ಸಂವಹನ ಮತ್ತು ತಂಡದ ಕೆಲಸ, ಆಡಳಿತ, ಮೇಲ್ವಿಚಾರಣೆ, ಸಂಶೋಧನೆ ಮತ್ತು ಆಡಿಟ್ ಎಂಬ ಐದು ಗುಂಪುಗಳಲ್ಲಿ. ಪ್ರತಿ ಕೆಲಸಕ್ಕೂ ಒಂದರಿಂದ ಏಳರವರೆಗೆ ಎರಡು ಸಲ ಅಂಕ ಕೊಡಬೇಕು. ಈ ಕೆಲಸ ನನ್ನ ಹುದ್ದೆಗೆ ಎಷ್ಟು ಮುಖ್ಯ? ಸದ್ಯ ನಾನು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆ? ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಕೊರತೆ. ಮೂವತ್ತರಲ್ಲಿ ಎಂಟರವರೆಗೆ ಬದಲಿಸಲು, ಹತ್ತರವರೆಗೆ ಹೊಸದನ್ನು ಸೇರಿಸಲು ಅವಕಾಶವಿದೆ. ನಿಮ್ಮ ಹಂತ 1ರ ಪಟ್ಟಿಯ ಕೆಲಸಗಳನ್ನು ಅಲ್ಲಿ ತುಂಬಿ.

ಒಂದು ಉದಾಹರಣೆ. ಒಬ್ಬ ನರ್ಸ್ "ಶಿಶುವಿಗೆ ಉಸಿರು ಕೊಡುವುದು" ಎಂಬುದಕ್ಕೆ ಮುಖ್ಯತೆ 7, ನಿರ್ವಹಣೆ 3 ಕೊಟ್ಟರೆ ಕೊರತೆ 4. "ಪೋರ್ಟಲ್‌ನಲ್ಲಿ ದಾಖಲಿಸುವುದು" ಎಂಬುದಕ್ಕೆ 5 ಮತ್ತು 2 ಕೊಟ್ಟರೆ ಕೊರತೆ 3. ಅಂಕಿಯಲ್ಲಿ ಇವೆರಡೂ ಅಕ್ಕಪಕ್ಕ ಇವೆ, ಪರಿಣಾಮದಲ್ಲಿ ಅಜಗಜಾಂತರ. ಆದ್ದರಿಂದ ಕಳೆದ ಅಂಕಿಯನ್ನಷ್ಟೇ ನೋಡಿ ಪಟ್ಟಿ ಮಾಡಬೇಡಿ, ಮುಖ್ಯತೆ 6 ಅಥವಾ 7 ಇರುವವನ್ನು ಮೊದಲು ಬೇರೆ ತೆಗೆಯಿರಿ.

ಮೂಲ ಪ್ರಶ್ನಾವಳಿಯಲ್ಲಿ ಇನ್ನೆರಡು ಅಂಕಣಗಳಿಗೂ ಜಾಗವಿದೆ. ಈ ಕೊರತೆ ತರಬೇತಿಯಿಂದ ನೀಗುತ್ತದೆಯೇ? ಕೆಲಸದ ವ್ಯವಸ್ಥೆ ಬದಲಿಸಿದರೆ ನೀಗುತ್ತದೆಯೇ? ಅವನ್ನು ಬಿಡಬೇಡಿ. ಹಂತ 5ರಲ್ಲಿ ಬೇಕಾಗುತ್ತದೆ.

ಪ್ರಶ್ನಾವಳಿಯನ್ನು ಕನ್ನಡದಲ್ಲೇ ಕೊಡಿ, ಹೆಸರು ಬರೆಸಬೇಡಿ, ವಾರ್ಷಿಕ ಕಾರ್ಯನಿರ್ವಹಣಾ ವರದಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಯಲ್ಲಿ ಹೇಳಿ. ಮೂರೇ ನರ್ಸ್‌ಗಳಿರುವ ಕೇಂದ್ರದಲ್ಲಿ ಕೈಬರಹದಿಂದಲೇ ಆಸಾಮಿ ಗೊತ್ತಾಗುತ್ತದೆ, ಹಾಗಾಗಿ ನಾಲ್ಕೈದು ಕೇಂದ್ರಗಳ ಹಾಳೆಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕುವುದು ಮೇಲು. ಗುತ್ತಿಗೆ ನೌಕರರನ್ನೂ ಕೇಳಿ. ನಿಯೋಜನೆಯ ಪಟ್ಟಿಯಲ್ಲಿ ಅವರ ಹೆಸರು ಕೊನೆಗೆ ಬಂದರೂ ನಡುರಾತ್ರಿಯ ಹೆರಿಗೆಯಲ್ಲಿ ಅವರೇ ಮುಂದೆ ಇರುತ್ತಾರೆ.

ಇಷ್ಟಾದರೂ ಈ ಅಂಕಗಳನ್ನು ಪೂರ್ತಿ ನಂಬಬೇಡಿ. ತಿಳಿದವರು ತಮಗೆ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೆ, ಏಕೆಂದರೆ ಏನೆಲ್ಲ ಕೈತಪ್ಪಬಹುದು ಎಂದು ಅವರಿಗೆ ಗೊತ್ತು. ತಿಳಿಯದವರಿಗೆ ತಿಳಿಯದಿರುವುದೇ ತಿಳಿದಿರುವುದಿಲ್ಲ. ಬಿಪಿ ಅಳೆಯಲು ಬರುವುದಿಲ್ಲ ಎಂದು ಬರೆದ ನರ್ಸ್ ನನಗೆ ಎಲ್ಲೂ ಸಿಕ್ಕಿಲ್ಲ.

ಹಂತ 4: ನಿಂತು ನೋಡಿ

ಇಡೀ ಕ್ರಮದಲ್ಲಿ ಹೆಚ್ಚು ಸಮಯ ಹಾಕಬೇಕಾದದ್ದು ಇಲ್ಲಿ. 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯ ಪ್ರಯೋಗ ನಡೆಯಿತು. ಮೊದಲು ಸುಮ್ಮನೆ ನಿಂತು ನೋಡಿದಾಗ, ಮಾಡಲೇಬೇಕಾದ 29 ಕೆಲಸಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಳಕೆಗೆ ಬಂದ ಮೇಲೆ ಅದು 25ಕ್ಕೆ ಏರಿತು. ಬಿಟ್ಟುಹೋಗುತ್ತಿದ್ದವುಗಳಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆ ಹೆಚ್ಚೇನಿರಲಿಲ್ಲ, ಕೈ ತೊಳೆಯುವಂಥವೂ ಅದರಲ್ಲಿದ್ದವು. ಲಿಖಿತ ಪರೀಕ್ಷೆ ಇಟ್ಟಿದ್ದರೆ ಈ ಕೊರತೆ ಕಾಣುತ್ತಿರಲಿಲ್ಲ.

ದಿನನಿತ್ಯದ ಕೆಲಸಕ್ಕೆ ನಿಜವಾದ ರೋಗಿಯ ಬಳಿಯೇ ನೋಡಿ. ಬಿಪಿಗೆ ನಿಮ್ಮ ಪಟ್ಟಿ ಇಷ್ಟು: ರೋಗಿ ಐದು ನಿಮಿಷ ಕುಳಿತಿದ್ದರೇ, ಬೆನ್ನಿಗೆ ಆಸರೆ ಇತ್ತೇ, ಪಾದ ನೆಲಕ್ಕೆ ತಾಗಿತ್ತೇ, ತೋಳು ಹೃದಯದ ಮಟ್ಟದಲ್ಲಿತ್ತೇ, ಕಫ್ ಬರಿ ತೋಳಿನ ಮೇಲಿತ್ತೋ ಸೀರೆ ರವಿಕೆಯ ತೋಳಿನ ಮೇಲಿತ್ತೋ, ಅಳತೆಯ ಹೊತ್ತಿಗೆ ಇಬ್ಬರೂ ಮಾತನಾಡುತ್ತಿದ್ದರೇ? ಐದು ರೋಗಿಗಳನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಅಪರೂಪದ ತುರ್ತು ಕೆಲಸಗಳಿಗೆ ಅಣಕು ಪ್ರಸಂಗ ಬೇಕು. ಬಾಯಿಪಾಠ ಕೇಳಬೇಡಿ, ಕೈಯಲ್ಲಿ ಮಾಡಿಸಿ. ಎಕ್ಲಾಂಪ್ಸಿಯಾದಲ್ಲಿ (ಗರ್ಭಿಣಿಗೆ ಬರುವ ಫಿಟ್ಸ್) ರೆಫರ್ ಮಾಡುವ ಮುನ್ನ ಕೊಡುವ ಮೆಗ್ನೀಷಿಯಂ ಸಲ್ಫೇಟ್ ಎಷ್ಟು ಎಂದರೆ "ಹತ್ತು ಗ್ರಾಂ, ಎರಡೂ ಪೃಷ್ಠಕ್ಕೆ ಐದೈದು" ಎಂಬ ಉತ್ತರ ಥಟ್ಟನೆ ಬರುತ್ತದೆ. ಈಗ ತುರ್ತು ಟ್ರೇ ಮುಂದಿಟ್ಟು ಗಡಿಯಾರ ನೋಡಿ. ಶೇಕಡ 50ರ ದ್ರಾವಣದ ಎರಡು ಮಿಲಿ ಆಂಪೂಲ್‌ನಲ್ಲಿ ಇರುವುದು ಒಂದು ಗ್ರಾಂ. ಅಂದರೆ ಹತ್ತು ಆಂಪೂಲ್ ಮುರಿಯಬೇಕು, ಒಂದೊಂದು ಕಡೆಗೆ ಹತ್ತು ಮಿಲಿ, ಹತ್ತು ಮಿಲಿಯ ಎರಡು ಸಿರಿಂಜ್, ಸ್ನಾಯುವಿನ ಆಳಕ್ಕೆ ಹೋಗುವಷ್ಟು ಉದ್ದದ ಸೂಜಿ. ಟ್ರೇನಲ್ಲಿ ಆರೇ ಆಂಪೂಲ್ ಇರುವುದು, ಐದು ಮಿಲಿ ಸಿರಿಂಜ್ ಮಾತ್ರ ಇರುವುದು, "ಒಂದು ಆಂಪೂಲ್ ಅಂದರೆ ಐದು ಗ್ರಾಂ ಅಲ್ಲವೇ?" ಎಂಬ ಅನುಮಾನ, ಎಲ್ಲವೂ ಈ ಐದು ನಿಮಿಷದಲ್ಲಿ ಹೊರಬರುತ್ತವೆ. ಅಭ್ಯಾಸಕ್ಕೆ ಅವಧಿ ಮೀರಿದ ಆಂಪೂಲ್‌ಗಳನ್ನು ಬೇರೆಯಾಗಿ ಗುರುತು ಹಾಕಿ ಇಟ್ಟುಕೊಳ್ಳಿ, ಮುಗಿದ ಕೂಡಲೇ ಲೆಕ್ಕ ಹಾಕಿ ವಿಲೇವಾರಿ ಮಾಡಿ.

ರಕ್ತಸ್ರಾವದ ಅಂದಾಜಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಕೆಂಪು ಬಣ್ಣ ಬೆರೆಸಿದ ನೀರನ್ನು ಅಳೆದು 500 ಮಿಲಿ ತೆಗೆದುಕೊಂಡು ಹಾಳೆ, ಪ್ಯಾಡ್, ನೆಲದ ಮೇಲೆ ಹಂಚಿ ಸುರಿಯಿರಿ. ಎಷ್ಟಿದೆ ಎಂದು ಒಬ್ಬೊಬ್ಬರಿಂದಲೂ ಚೀಟಿಯಲ್ಲಿ ಬರೆಸಿ. ಕಣ್ಣಳತೆ ಸಾಮಾನ್ಯವಾಗಿ ಕಡಿಮೆಯ ಕಡೆಗೇ ವಾಲುತ್ತದೆ. ಬೆಳಗಾವಿಯ ಹಳ್ಳಿಗಳಲ್ಲಿ ಎಎನ್‌ಎಂಗಳು 1,620 ಹೆರಿಗೆಗಳಲ್ಲಿ ನಡೆಸಿದ, 2006ರಲ್ಲಿ ಪ್ರಕಟವಾದ, ರಕ್ತಸ್ರಾವ ತಡೆಯುವ ಮಿಸೋಪ್ರೊಸ್ಟಾಲ್ ಮಾತ್ರೆಯ ಅಧ್ಯಯನಕ್ಕಾಗಿ ಅಳತೆ ಗೆರೆಯ ಪ್ಲಾಸ್ಟಿಕ್ ಹಾಸನ್ನೇ ರೂಪಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಅದೇ ಅಧ್ಯಯನದಲ್ಲಿ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಎಎನ್‌ಎಂಗಳ ಕೈಯಲ್ಲಿ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಇದನ್ನು ತೋರಿಸಿ.

ಹಾವು ಕಡಿತಕ್ಕೆ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. ಗಾಜಿನ ಸ್ವಚ್ಛ, ಒಣ ಕೊಳವೆ ತೆಗೆದುಕೊಂಡರೇ, ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಕೊಳವೆಯೇ? ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರೇ, ನಡುವೆ ಎರಡು ಸಲ ಬಗ್ಗಿಸಿ ನೋಡಿದರೇ? ಪ್ಲಾಸ್ಟಿಕ್‌ನಲ್ಲಿ, ಸೋಪಿನಲ್ಲಿ ತೊಳೆದ ಗಾಜಿನಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಸುಳ್ಳು ಫಲಿತಾಂಶ ಬರುತ್ತದೆ.

ಹಂತ 5: ಕೊರತೆಯ ಬೇರು ಹುಡುಕಿ

ಈಗ ಕೈಯಲ್ಲಿ ಒಂದಿಷ್ಟು ಕೊರತೆಗಳಿವೆ. ಪ್ರತಿಯೊಂದಕ್ಕೂ ಕೇಳಿ: ಎಲ್ಲ ಸಾಮಗ್ರಿ, ಸಮಯ, ಅಧಿಕಾರ ಕೊಟ್ಟು ಈಗಲೇ ಮಾಡಿ ತೋರಿಸಿ ಎಂದರೆ ಇವರು ಮಾಡಬಲ್ಲರೇ? ಮಾಡಬಲ್ಲರು ಎಂದಾದರೆ ಅದು ತರಬೇತಿಯ ಪಟ್ಟಿಗೆ ಬೇಡ.

ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು 2ರಿಂದ 8 ಡಿಗ್ರಿಯಲ್ಲಿ ಇರಬೇಕು ಎಂದು ನರ್ಸ್‌ಗೆ ಗೊತ್ತು. ಆದರೆ ಫ್ರಿಜ್ ಇರುವ ಕೋಣೆಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ, ಕೀಲಿ ಫಾರ್ಮಸಿ ಅಧಿಕಾರಿಯ ಜೇಬಿನಲ್ಲಿ ಊರು ಸೇರುತ್ತದೆ. ಹಾಗಾಗಿ ರಾತ್ರಿಯ ಆಂಪೂಲ್ ಲೇಬರ್ ರೂಮಿನ ಕಿಟಕಿಯ ಪಕ್ಕದ ಕಪಾಟಿನಲ್ಲಿದೆ. ಇವರನ್ನು ಮೂರು ದಿನ ತರಬೇತಿಗೆ ಕಳುಹಿಸಿದರೆ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಕೇಳಿಸಿಕೊಂಡು ಬಂದು ಅದೇ ಕಪಾಟು ತೆರೆಯುತ್ತಾರೆ. ದಪ್ಪ ತೋಳಿಗೆ ದೊಡ್ಡ ಕಫ್ ಇಲ್ಲದಿರುವುದೂ ಹೀಗೆಯೇ. ಇಂಥವಕ್ಕೆ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪತ್ರ), ಆರೋಗ್ಯ ರಕ್ಷಾ ಸಮಿತಿಯ ಠರಾವು, ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ. ಬೇರೆ ಔಷಧವಿಲ್ಲ.

ಸಿಬ್ಬಂದಿಯ ಕೊರತೆ ಇನ್ನೂ ಕಠಿಣ. ಮಗು ಹುಟ್ಟಿದ ಮೊದಲ ನಿಮಿಷದಲ್ಲೇ ತಾಯಿಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ಮಗು ಅಳದಿದ್ದರೆ ಅದೇ ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್ ಹಿಡಿಯಬೇಕು. ರಾತ್ರಿ ಒಬ್ಬರೇ ಇರುವ ಕೇಂದ್ರದಲ್ಲಿ ಇವೆರಡೂ ಹೇಗೆ? ಇಲ್ಲಿ ತರಬೇತಿಯ ಪಾಲು ಚಿಕ್ಕದು: ಸಿರಿಂಜ್ ಮೊದಲೇ ತುಂಬಿಟ್ಟುಕೊಳ್ಳುವ ರೂಢಿ, ಗ್ರೂಪ್ ಡಿ ಸಿಬ್ಬಂದಿಗೆ ಹೊತ್ತಿಗೆ ಸರಿಯಾಗಿ ಏನು ಎತ್ತಿಕೊಡಬೇಕು ಎಂಬ ಅಭ್ಯಾಸ. ಉಳಿದದ್ದು ಪಾಳಿಯ ಪ್ರಶ್ನೆ, ಅದನ್ನು ಪಾಳಿಯ ಪ್ರಶ್ನೆಯೆಂದೇ ಬರೆಯಿರಿ.

ಇಷ್ಟನ್ನು ಕಳೆದ ಮೇಲೆ ಉಳಿಯುವುದು ಎರಡು ಬಗೆ. ವಿಷಯವೇ ಗೊತ್ತಿಲ್ಲದ್ದು, ಗೊತ್ತಿದ್ದೂ ಕೈ ಪಳಗದಿರುವುದು. ಎರಡಕ್ಕೂ ಚಿಕಿತ್ಸೆ ಬೇರೆ.

ಹಂತ 6: ಯಾವುದು ಮೊದಲು

ಎಷ್ಟು ಸಲ ಎದುರಾಗುತ್ತದೆ, ತಪ್ಪಿದರೆ ಏನಾಗುತ್ತದೆ ಎಂಬ ಎರಡೇ ಪ್ರಶ್ನೆ ಸಾಕು. ದಿನವೂ ಬರುವ, ತಪ್ಪಿದರೆ ನಿಧಾನವಾಗಿ ಹಾನಿ ಮಾಡುವ ಕೆಲಸಗಳು (ಬಿಪಿ, ಇನ್ಸುಲಿನ್ ಹೇಳಿಕೊಡುವುದು, ಲಸಿಕೆ ಶೀತಲ ಸರಪಳಿ) ಒಂದು ಕಡೆ. ವರ್ಷಕ್ಕೆ ಒಂದೆರಡು ಸಲ ಬಂದು, ತಪ್ಪಿದರೆ ಅಲ್ಲೇ ಜೀವ ಹೋಗುವವು ಇನ್ನೊಂದು ಕಡೆ. ಎರಡನೆಯ ಗುಂಪನ್ನು "ಬರುವುದೇ ಅಪರೂಪ" ಎಂದು ಕೊನೆಗೆ ತಳ್ಳಬೇಡಿ. ಬಳಸದ ಕೈ ಬೇಗ ಮರೆಯುತ್ತದೆ, ಅಪರೂಪವಾದ್ದರಿಂದಲೇ ಅಭ್ಯಾಸ ಬೇಕು. ಅಪರೂಪವೂ ಆಗಿ, ತಪ್ಪಿದರೆ ನಷ್ಟವೂ ಇಲ್ಲದವನ್ನು ಈ ವರ್ಷಕ್ಕೆ ಧೈರ್ಯವಾಗಿ ಬಿಟ್ಟುಬಿಡಿ.

ಹಂತ 7: ಅಗತ್ಯಕ್ಕೆ ತಕ್ಕ ಬಗೆ

ವಿಷಯ ಗೊತ್ತಿಲ್ಲದಿದ್ದರೆ ಮೊಬೈಲ್‌ನಲ್ಲಿ ನೋಡುವ ಪಾಠ, ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಸಾಕು. ಕೈ ಪಳಗದಿದ್ದರೆ ಬೊಂಬೆಯ ಮೇಲೆ ಅಭ್ಯಾಸ ಬೇಕು. ಎರಡು ದಿನದ ನವಜಾತ ಶಿಶು ಸುರಕ್ಷಾ ತರಬೇತಿ, 21 ದಿನದ ಕುಶಲ ಹೆರಿಗೆ ಸಹಾಯಕರ ತರಬೇತಿ ಇರುವುದೇ ಇದಕ್ಕೆ. ಒಮ್ಮೆ ಆ 21 ದಿನ ಮುಗಿಸಿದವರನ್ನು ಮತ್ತೆ ಅಲ್ಲಿಗೇ ಕಳುಹಿಸುವುದು ದುಡ್ಡು ದಂಡ. ಅವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ಕೇಂದ್ರದಲ್ಲೇ ಹತ್ತು ನಿಮಿಷದ ಅಣಕು ಪ್ರಸಂಗ. ಯಾವಾಗ ರೆಫರ್ ಮಾಡಬೇಕು ಎಂಬಂಥ ನಿರ್ಧಾರದ ವಿಷಯವಾದರೆ ನಡೆದ ಪ್ರಕರಣವನ್ನು ಮುಂದಿಟ್ಟು ಚರ್ಚಿಸಬೇಕು, ಅದಕ್ಕೆ ಅನುಭವಿ ಮಾರ್ಗದರ್ಶಕರು ಪಕ್ಕದಲ್ಲಿರಬೇಕು.

ಇದರಲ್ಲಿ ನಮ್ಮದೇ ರಾಜ್ಯದ ಅನುಭವವಿದೆ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 54ಕ್ಕೆ ನರ್ಸ್ ಮಾರ್ಗದರ್ಶಕರನ್ನು ಕಳುಹಿಸಿ, ಉಳಿದ 54ನ್ನು ಹೋಲಿಕೆಗೆ ಇಟ್ಟುಕೊಂಡ ಪ್ರಯೋಗ ತಾಯಿ ಮಗುವಿನ ಆರೋಗ್ಯದ ಸುಕ್ಷೇಮ ಯೋಜನೆಯಲ್ಲಿ ನಡೆಯಿತು. ಮಾರ್ಗದರ್ಶಕರು ಹೋದ ಕೇಂದ್ರಗಳಲ್ಲಿ ಸಿದ್ಧತೆಯೂ ನರ್ಸ್‌ಗಳ ತಿಳಿವಳಿಕೆಯೂ ಮೇಲಾದವು. ನಾಣ್ಯದ ಇನ್ನೊಂದು ಮುಖ ಉತ್ತರ ಪ್ರದೇಶದ್ದು. ಅಲ್ಲಿ ಹಂತ 4ರಲ್ಲಿ ಹೇಳಿದ ಅದೇ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು ತರಬೇತುದಾರರ ಜೊತೆಗೆ 120 ಕೇಂದ್ರಗಳ ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಿದರು. ಎರಡು ತಿಂಗಳಿಗೆ ಶೇ 73ರಷ್ಟು ಕೆಲಸಗಳು ಸರಿಯಾಗಿ ನಡೆಯುತ್ತಿದ್ದವು, ತರಬೇತುದಾರರು ಹಿಂದೆ ಸರಿದ ಮೇಲೆ, ಹನ್ನೆರಡನೆಯ ತಿಂಗಳಿಗೆ, ಶೇ 62ಕ್ಕೆ ಇಳಿದವು. ತಾಯಿ ಮಗುವಿನ ಸಾವಿನ ಪ್ರಮಾಣವಂತೂ ಕದಲಲೇ ಇಲ್ಲ. ಪಕ್ಕದಲ್ಲಿ ನಿಲ್ಲುವವರು ಯಾವಾಗ ಹೊರಡುತ್ತಾರೆ, ಹೊರಟ ಮೇಲೆ ಕೇಂದ್ರದೊಳಗೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಯೋಜನೆಯಲ್ಲೇ ಬರೆದಿಡಿ.

ಹಂತ 8: ಒಂದೇ ಪುಟದಲ್ಲಿ ಬರೆಯಿರಿ

"ಎನ್‌ಸಿಡಿ ಬಗ್ಗೆ ತರಬೇತಿ ಅಗತ್ಯವಿದೆ" ಎಂಬ ವಾಕ್ಯ ಯಾವ ಕೇಂದ್ರಕ್ಕೂ ಹೊಂದುತ್ತದೆ, ಆದ್ದರಿಂದ ಯಾವುದಕ್ಕೂ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಒಪಿಡಿಯ ಇಬ್ಬರು ಶುಶ್ರೂಷಾಧಿಕಾರಿಗಳು ಬಿಪಿ ಅಳೆಯುವಾಗ ರೋಗಿಯನ್ನು ಕೂರಿಸಿ ಕಾಯುವುದಿಲ್ಲ, ಕಫ್‌ನ ಗಾತ್ರ ನೋಡುವುದಿಲ್ಲ. ಕೇಂದ್ರದಲ್ಲೇ ಎರಡು ಗಂಟೆಯ ಅಭ್ಯಾಸ ಬೇಕು. ಮೂರು ತಿಂಗಳ ನಂತರ ಐದು ರೋಗಿಗಳಲ್ಲಿ ಕನಿಷ್ಠ ನಾಲ್ವರಿಗೆ ಪಟ್ಟಿಯ ಎಲ್ಲ ಅಂಶ ಸರಿಯಿರಬೇಕು. ಜೊತೆಗೆ: ದೊಡ್ಡ ಕಫ್ ಒಂದು, ಒಪಿಡಿಯಲ್ಲಿ ಬೆನ್ನಾಸರೆಯ ಕುರ್ಚಿ ಎರಡು." ಯಾರು, ಯಾವ ಕೆಲಸ, ಏನು ತಪ್ಪುತ್ತಿದೆ, ಹೇಗೆ ಸರಿಪಡಿಸುವುದು, ಸರಿಯಾಯಿತೆಂದು ಯಾವಾಗ ಹೇಗೆ ತಿಳಿಯುವುದು, ಎಲ್ಲವೂ ಇದರಲ್ಲಿವೆ. ಇಂಥ ಐದಾರು ವಾಕ್ಯಗಳಿಗಿಂತ ಹೆಚ್ಚು ಒಂದು ವರ್ಷಕ್ಕೆ ಬೇಡ. ಮುಂದಿನ ಸಲ "ಇಬ್ಬರ ಹೆಸರು ಕಳುಹಿಸಿ" ಎಂಬ ಪತ್ರ ಬಂದಾಗ ಈ ಪುಟ ನೋಡಿ ಹೆಸರು ಬರೆಯಿರಿ. ಅಲ್ಲಿ ಇಲ್ಲದ ವಿಷಯವಾದರೆ ಯಾರನ್ನೂ ಕಳುಹಿಸುವ ಅಗತ್ಯ ಸದ್ಯಕ್ಕಿಲ್ಲ ಎಂದು ಉತ್ತರಿಸುವ ಆಧಾರವೂ ಅದೇ.

ಹಂತ 9: ಮತ್ತೆ ನೋಡಿ

ತರಬೇತಿಯ ಕೊನೆಯ ದಿನದ ಪರೀಕ್ಷೆಯ ಅಂಕ ಲೆಕ್ಕಕ್ಕಿಲ್ಲ. ಮೂರು ತಿಂಗಳ ನಂತರ ಹಂತ 4ರ ಅದೇ ಪಟ್ಟಿ ಹಿಡಿದು ಅದೇ ಕೆಲಸ ನೋಡಿ, ಹಂತ 2ರ ಬಿಪಿ ಚೀಟಿಯನ್ನು ಹೊಸ ಐವತ್ತು ರೋಗಿಗಳಿಗೆ ಮತ್ತೆ ಬರೆಯಿರಿ. ಬದಲಾಗಿಲ್ಲವೆಂದರೆ ನರ್ಸ್‌ಗಿಂತ ಮೊದಲು ಹಂತ 5ರ ನಿಮ್ಮ ತೀರ್ಮಾನವನ್ನು ಸಂಶಯಿಸಿ.

ಈ ಹಾಳೆಗಳನ್ನು ಕೇಂದ್ರದ ಕಡತದಲ್ಲಿ ಒಂದು, ನರ್ಸ್‌ನ ಬಳಿ ಒಂದು ಪ್ರತಿ ಇರಿಸಿ. ಕೌನ್ಸೆಲಿಂಗ್ ವರ್ಗಾವಣೆ ಆಗುವ ಇಲಾಖೆ ಇದು. ಹೆರಿಗೆ ಹೆಚ್ಚಿರುವ ಕೇಂದ್ರದಿಂದ ಹೆರಿಗೆಯೇ ಇಲ್ಲದ ಕಡೆಗೆ ಹೋದವರ ಅಗತ್ಯ ಬದಲಾಗುತ್ತದೆ, ತಿರುಗಿ ಬಂದವರದು ಇನ್ನೂ ಹೆಚ್ಚು ಬದಲಾಗಿರುತ್ತದೆ. ಹೊಸಬರು ವರದಿ ಮಾಡಿಕೊಂಡ ವಾರವೇ ಅವರ ಹಾಳೆ ಕೇಳಿ ಪಡೆಯಿರಿ, ಇಲ್ಲದಿದ್ದರೆ ಹಂತ 1ರ ನೋಟ್‌ಬುಕ್ ಕೈಗಿಡಿ.